ಮೂರನೆಯ ಕುರ್ಚಿ

ನಾಗಭೂಷಣ್ ಸರ್ ಅವರಷ್ಟು ಪುಕ್ಕಲರನ್ನು ನಾನು ಕಂಡಿಲ್ಲ. ಟೋಕಿಯೋದ ಮಿನಾಟೋದಲ್ಲಿ, ಸುತ್ತಲೂ ರಾಯಭಾರ ಕಚೇರಿಗಳಿದ್ದ ಬೀದಿಯಲ್ಲಿ ನಮ್ಮ ಪುಟ್ಟ ಸಲಹಾ ಸಂಸ್ಥೆ. ಚಿಪ್‌ಗಳ ವಿಷಯದಲ್ಲಿ ಅಮೆರಿಕ, ಯುರೋಪು ಕಚ್ಚಾಡಿದರೆ ಅಥವಾ ಕೈಜೋಡಿಸಿದರೆ ಜಪಾನಿನ ಕಾರ್ಖಾನೆಗಳ ಗತಿ ಏನಾದೀತು ಎಂದು ಹೇಳುವುದು ಮೈಸೂರಿನ ಈ ಮನುಷ್ಯನ ಕೆಲಸ. ಹೊರಗೆ ಹೋಗುವ ಪ್ರತಿ ಟಿಪ್ಪಣಿಯನ್ನೂ ಮೂರು ಕುರ್ಚಿಗಳಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಕಿಟಕಿ ಪಕ್ಕದ್ದರಲ್ಲಿ ಅಮೆರಿಕದವರಾಗಿ, ಬಾಗಿಲ ಪಕ್ಕದ್ದರಲ್ಲಿ ಯುರೋಪಿನವರಾಗಿ, ಕೊನೆಗೆ ತಮ್ಮದೇ ಕುರ್ಚಿಯಲ್ಲಿ, ನಮ್ಮನ್ನು ನಂಬಿದ ಕಾರ್ಖಾನೆಯವರಾಗಿ. ಸಹಾಯಕಿಯಾಗಿದ್ದ ನನಗೆ ನಗು ತಡೆಯಲಾಗುತ್ತಿರಲಿಲ್ಲ.

"ನಗಮ್ಮ, ನಗು. ಕೂತ ಜಾಗ ಬದ್ಲಾದ್ರೆ ಹೆದ್ರಿಕೆನೂ ಬದ್ಲಾಗುತ್ತೆ. ಯಾರಿಗೆ ಏನು ಹೆದ್ರಿಕೆ ಅಂತ ಗೊತ್ತಿಲ್ದೆ ಅಡ್ವೈಸ್ ಏನ್ ಕೊಡ್ತೀಯ?" ಅನ್ನುತ್ತಿದ್ದರು.

ಕೊರೊನಾ ಬಂದಾಗ ಕೊಂಬಿನಿ ಅಂಗಡಿಯಿಂದ ತಂದ ಹಾಲಿನ ಪೊಟ್ಟಣವನ್ನೂ ಒರೆಸಿ ಒರೆಸಿ ಇಟ್ಟರು. ಆದರೂ ಅವರಿಗೇ ಅಂಟಿತು. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ, ಫುಕುವೋಕಾದ ಕಾರ್ಖಾನೆಯೊಂದರ ಪರವಾದ ಟಿಪ್ಪಣಿ ಸಂಜೆ ಐದರೊಳಗೆ ಅಮೆರಿಕ, ಯುರೋಪಿನ ಅಧಿಕಾರಿಗಳಿಗೆ ಹೋಗಬೇಕಿತ್ತು. ಯಂತ್ರದ ಬಿಡಿಭಾಗಗಳನ್ನು ಯಾರಿಗೆ ಮೊದಲು ಕೊಡುವುದೆಂದು ಅವರು ಮಾತಾಡಿಕೊಳ್ಳುವವರಿದ್ದರು. ಕಚೇರಿಯಲ್ಲಿ ನಾನೊಬ್ಬಳೇ. ಒಂದು ಸಾಲು ತಪ್ಪಿದರೂ ಕಾರ್ಖಾನೆ ನಿಂತೇಹೋದೀತು. ಸರ್‌ಗೆ ಫೋನ್ ಮಾಡಿದೆ.

"ಓದಿದ್ಯಾ?" ಅಷ್ಟು ಕೇಳಲು ಎರಡು ಸಲ ಉಸಿರೆಳೆದುಕೊಂಡರು.

"ಎರಡು ಕುರ್ಚೀಲಿ ಓದ್ದೆ ಸರ್."

"ಮೂರನೇದು?"

ಅದರ ಬೆನ್ನಿಗೆ ಅವರ ಸ್ವೆಟರ್ ತೂಗುತ್ತಿತ್ತು. ಅಲ್ಲಿ ನಾನು ಕೂತುಬಿಟ್ಟರೆ ಅವರು ವಾಪಸು ಬರುವುದಿಲ್ಲವೇನೋ ಎಂಬ ಭಯ. ಅದನ್ನು ಹೇಗೆ ಹೇಳಲಿ?

"ಅದು ನಿಮ್ದು ಸರ್."

"ಕೂತ್ಕೋಮ್ಮ."

ಕೂತೆ, ಓದಿದೆ. 'ಕಾರ್ಖಾನೆಯಲ್ಲಿ ಇನ್ನು ಮೂರು ವಾರಕ್ಕಾಗುವಷ್ಟೇ ಬಿಡಿಭಾಗಗಳಿವೆ.' ಕನಿಕರ ಹುಟ್ಟಲೆಂದು ನಾನೇ ಸೇರಿಸಿದ್ದ ಸಾಲು. ಆ ಕುರ್ಚಿಯಿಂದ ಓದಿದಾಗ ಅದು ಬೇರೆಯೇ ಕೇಳಿಸಿತು. ಇಷ್ಟು ಗೊತ್ತಾದರೆ ಯಾರು ಯಾವ ಷರತ್ತು ಹಾಕಿದರೂ ಕಾರ್ಖಾನೆಯವರು ಒಪ್ಪಲೇಬೇಕು. ಅವರ ಜುಟ್ಟನ್ನು ನಾನೇ ಕೈಯಾರೆ ಹಿಡಿದುಕೊಡುತ್ತಿದ್ದೆ.

"ಸರ್, ಮೂರು ವಾರದ ಸಾಲು ತೆಗೀತೀನಿ."

"ಹೆದ್ರಿಕೆ ಆಯ್ತಾ?"

"ತುಂಬಾ."

"ಹಾಗಾದ್ರೆ ಸರಿ. ಕಳ್ಸು."

ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದೇ. ಎರಡು ದಿನಕ್ಕೆ ಹೋಗಿಬಿಟ್ಟರು. ಮುಖ ನೋಡಲೂ ಬಿಡಲಿಲ್ಲ.

ಮುಂದಿನ ವಾರ ಕಾರ್ಖಾನೆಯಿಂದ ಪತ್ರ ಬಂತು. ಬಿಡಿಭಾಗಗಳು ಸಿಗುತ್ತವೆ, ಅರಿಗಾತೋ, ಧನ್ಯವಾದ ಎಂದಿತ್ತು. 'ನಾಗಭೂಷಣ್-ಸಾನ್' ಎಂದೇ ಶುರುವಾಗಿತ್ತು, ಕಾರ್ಖಾನೆಯವರಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ. ಸ್ವೆಟರನ್ನು ಸರಿಸದೆ ಆ ಕುರ್ಚಿಯಲ್ಲಿ ಕೂತು, ಪತ್ರವನ್ನು ಗಟ್ಟಿಯಾಗಿ ಓದಿದೆ.