ಕಲ್ಲು ತಡೆದು ತಿರುಗುವ ಜಾಗ

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಕೂಲಿ ಲೈನುಗಳ ಮೇಲೆ ಇನ್ನೂ ನಕ್ಷತ್ರಗಳಿವೆ. ತಗಡಿನ ಮಾಡಿನ ಕೆಳಗೆ ಗಂಗರತ್ನಮ್ಮ ರಾಗಿಕಲ್ಲಿನ ಗೂಟ ಹಿಡಿದು ಕಾಲು ಚಾಚಿ ಕೂತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಎದುರಿಗೆ ಕೂತು ಅದೇ ಗೂಟ ಹಿಡಿಯುತ್ತಾರೆ. ಕಲ್ಲು ತಿರುಗುತ್ತದೆ, ಹಿಟ್ಟು ಮಂಜಿನಂತೆ ಸುತ್ತ ಉದುರುತ್ತದೆ, ಪದ ಏಳುತ್ತದೆ:

ಪಾತಾಳಕಿಳಿದೋನೆ, ಬೆಳಕಾಗಿ ಬಾರಯ್ಯ
ಕಣ್ಣಿನ ದೀಪ ನಾನು ಆರಿಸದೆ ಕಾದೀನಿ

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಗಂಗರತ್ನಮ್ಮನವರ ಪದಗಳಲ್ಲಿ ಅವನು ಭೂಮಿಯ ಹೊಟ್ಟೆಯಿಂದ ಮೇಲೆ ಬರುತ್ತಾನೆ, ಮೈಯೆಲ್ಲ ಚಿನ್ನದ ಧೂಳು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗಿನಿಂದ ಅವರು ಲೈನಿನ ಮನೆಗಳಿಗೆ ರಾಗಿ ಬೀಸಿಕೊಡುತ್ತಾರೆ. ಬೀಸುತ್ತಲೇ ಪದ ಕಟ್ಟುತ್ತಾರೆ. ಊರಿಗಾಂನ ಮದುವೆಮನೆಗಳಲ್ಲಿ ಅವನ್ನು ಹೇಳುವ ಹೆಂಗಸರಿಗೆ ಕಟ್ಟಿದವರು ಯಾರೆಂದು ಗೊತ್ತಿಲ್ಲ. ಪಕ್ಕದ ಮನೆಯ ಮಾರಿಯಮ್ಮನಿಗೆ ಗೊತ್ತು, ಕಿಚಾಯಿಸುತ್ತಾರೆ: "ನಿನ್ ಪದದಾಗಿನ ಗಂಡ ಯಾವ್ ಲೈನಾಗವ್ನೆ ಏಳಕ್ಕಾ. ನಮ್ಮನೇಲಿರೋನು ಗೊರಕೆ ಒಡ್ಯಾದೊಂದೇ ಬಲ್ಲ."

ಆ ಪದದ ಗಂಡ ಎದುರಿಗೇ ಕೂತಿದ್ದಾರೆ. ಅವರಿಗೆ ಕೇಳಿಸುವುದಿಲ್ಲ. ಬಂಡೆ ಕೊರೆದು ಕೊರೆದು ಕಿವಿ ಹೋಗಿದೆ; ಈಗ ಮೇಲಿನ ಶೆಡ್ಡಿನಲ್ಲಿ ಉಳಿಗಳಿಗೆ ಸಾಣೆ ಹಿಡಿಯುತ್ತಾರೆ. ಆದರೆ ಗೂಟದ ಮೇಲೆ ಕೈಯಿಟ್ಟರೆ ಯಾವ ಪದವೆಂದು ಹೇಳಿಬಿಡುತ್ತಾರೆ. ಒಂದೊಂದು ಪದಕ್ಕೂ ಕಲ್ಲಿನ ಓಟ ಬೇರೆ.

ಈಗ ಆ ಕಲ್ಲಿಗೇ ಕುತ್ತು. ರಾಬರ್ಟ್‌ಸನ್‌ಪೇಟೆಗೆ ಹಿಟ್ಟಿನ ಮಿಷನ್ ಬಂದು ಲೈನಿನ ರಾಗಿಯೆಲ್ಲ ಅಲ್ಲಿಗೆ ಹೋಗುತ್ತಿದೆ. ಗಂಗರತ್ನಮ್ಮನವರನ್ನು ಅಲ್ಲೇ ಕೂಲಿಗೆ ಕರೆದರು, ಕತ್ತಲಿರುವಾಗಲೇ ಬರಬೇಕೆಂದರು. ಗಂಗರತ್ನಮ್ಮ ಗಂಡನನ್ನೂ ಕರೆದೊಯ್ದು ಮಿಷನ್ ತೋರಿಸಿದರಂತೆ. ಅವರು ಮಿಷನ್ನಿನ ಮೈಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತು, "ಇದು ಒಂದೇ ಪದ ಏಳ್ತೈತೆ. ಅದ್ರಾಗೆ ನಾನಿಲ್ಲ" ಅಂದರಂತೆ.

"ಕತ್ತಲಾಗೆ ಇವ್ರು ಪಾಳಿಯಿಂದ ಬರೋ ಹೊತ್ತು. ಬಿಸ್ಲು ಬಂದ್ಮೇಲೆ ಬತ್ತೀನಿ ಅಂದೆ. ಆಗಲ್ಲ ಅಂದ್ರು. ಬಿಟ್ಟೆ," ಎನ್ನುತ್ತಾರೆ ಗಂಗರತ್ನಮ್ಮ. ಈಗ ಬೀಸಲು ರಾಗಿ ಕೊಡುವವರು ಮಾರಿಯಮ್ಮ ಒಬ್ಬರೇ.

ಗಂಡನ ಹೆಸರನ್ನು ಅವರು ಬಾಯಲ್ಲಿ ಹೇಳುವವರಲ್ಲ. ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದಾಗ ಸೊಣ್ಣಪ್ಪ ಎಂದು ತಿಳಿಸಿದ್ದೂ ಮಾರಿಯಮ್ಮನೇ. ಒಂದೇ ಒಂದು ಪದದಲ್ಲಿ ಆ ಹೆಸರಿದೆ, ಅವರ ಕಿವಿ ಹೋದ ಮೇಲೆ ಕಟ್ಟಿದ್ದು. "ಅವ್ರಿಗೆ ಕೇಳಿಸಲ್ವಲ್ಲ, ಅದ್ಕೇ ಧೈರ್ಯ," ಎಂದು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಆಸೆಯೇನೆಂದು ಕೇಳಿದರೆ, "ಈ ಕಲ್ಲು ಮನೇಲಿರ್ಲಿ. ನಮ್ಮಿಬ್ರಿಗಾಗೋಷ್ಟು ರಾಗಿ ಇರ್ಲಿ."

ಅವರು ನೀರಿಗೆ ಎದ್ದು ಹೋಗುತ್ತಾರೆ. ಸೊಣ್ಣಪ್ಪ ಗೂಟ ಸವರುತ್ತ ನನ್ನ ಕಡೆ ಬಾಗುತ್ತಾರೆ.

"ಒಂದ್ ಪದದಾಗೆ ಕಲ್ಲು ಒಂದ್ಕಡೆ ತಡೆದು ತಿರುಗ್ತೈತಮ್ಮ. ಅಲ್ಲಿರಾದು ನನ್ ಎಸ್ರು. ಪೇಪರ್ನಾಗೆ ಬರ್ಕೊ, ಅವ್ಳಿಗೆ ಓದಾಕ್ ಬರಲ್ಲ. ಬಾಯಲ್ ಮಾತ್ರ ಏಳ್ಬೇಡ. ನಂಗೊತ್ತು ಅಂತ ತಿಳಿದ್ರೆ ಆ ಪದಾನೇ ನಿಲ್ಲಿಸ್ಬಿಡ್ತಾಳೆ."