ಮಲಪನಗುಡಿ ಬಾವಿಯ ಬೆಳ್ಳಿಚುಕ್ಕೆ ಮೀನು

ಮಲಪನಗುಡಿಯ ಹಳೆಯ ಮೆಟ್ಟಿಲುಬಾವಿಗೆ ಸೊಳ್ಳೆಮರಿ ತಿನ್ನುವ ಮೀನು ಬಿಟ್ಟರು, ಅವು ಬೆಳೆದವು, ಊರಲ್ಲಿ ಸೊಳ್ಳೆ ಕಡಿಮೆಯಾದವು. ಎಲ್ಲರೂ ಹೇಳುವುದು ಇದನ್ನೇ. ಕೇಳಲು ಚೆಂದ. ಆದರೆ ಒಂದಾದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಎನ್ನಲಾಗದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಂಥ ಸಡಿಲ ವಾದ ಮುಂದಿಟ್ಟಿದ್ದರೆ ನಾನು ಅವನಿಗೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ. ಇಲ್ಲಿ ಅದಕ್ಕಿಂತ ದೊಡ್ಡ ತಕರಾರಿದೆ. ಈ ಕಥೆಗೆ ಅವರು ತೋರಿಸುವ ಒಂದೇ ಸಾಕ್ಷಿ ನಾನು ತೆಗೆದ ಫೋಟೊ, ಮತ್ತು ಅದರಲ್ಲಿರುವುದು ಅವರು ಬಿಟ್ಟ ಮೀನೇ ಅಲ್ಲ.

ಮೀನಿನ ಫೋಟೊ ತೆಗೆಯುವ ಹುಚ್ಚು ಹತ್ತಿದ್ದು ಹಂಪಿಯ ಹೊಳೆದಂಡೆಯಲ್ಲಿ. ಎಲ್ಲರೂ ಗುಡಿಗೋಪುರದ ಕಡೆ ಮೊಬೈಲ್ ಹಿಡಿದಿದ್ದಾಗ ಬಂಡೆಯ ಬುಡದ ನೀರಲ್ಲಿ ಏನೋ ಹೊರಳಿತು. ಅಂದಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸಂಡೂರಿನ ಹಳ್ಳ, ಕಂಪ್ಲಿಯ ಗದ್ದೆ ಕಾಲುವೆ, ಎಲ್ಲಿ ನೀರು ಕಂಡರೂ ಬೈಕ್ ನಿಲ್ಲುತ್ತದೆ. ಮಲಪನಗುಡಿಯ ಬಾವಿಯಲ್ಲಂತೂ ಕೆಳಗಿನ ಮೆಟ್ಟಿಲ ಮೇಲೆ ಬೋರಲಾಗಿ ಮಲಗಬೇಕು. ನೆರಳು ಬಿದ್ದರೆ ಮೀನು ಮಾಯ. ಮಂಡಕ್ಕಿ ಪುಡಿ ಉದುರಿಸಿ ಉಸಿರು ಬಿಗಿಹಿಡಿದರೆ ಒಂದೊಂದಾಗಿ ಮೇಲೆ ಬರುತ್ತವೆ: ಬೆರಳುದ್ದವೂ ಇಲ್ಲ, ಚಪ್ಪಟೆ ತಲೆ, ನೆತ್ತಿಯ ಮೇಲೊಂದು ಬೆಳ್ಳಿಚುಕ್ಕೆ. ಸೊಳ್ಳೆಮರಿ ತಿನ್ನುವುದು ಇವುಗಳ ಕಸುಬೂ ಹೌದು. ಯಾರೂ ಏನನ್ನೂ ಬಿಡುವ ಮೊದಲೇ ಇವು ಅಲ್ಲಿದ್ದವು. ಆಗಲೇ ತೆಗೆದ ಫೋಟೊ ನನ್ನ ಹತ್ತಿರ ಇವೆ.

ಬಾವಿಗೆ ಹೊರಗಿನ ಮೀನು ಬಿಟ್ಟವಳು ನನ್ನ ಸೋದರತ್ತೆ. ಜ್ವರ, ಲಸಿಕೆ ಅಂತ ಮನೆಮನೆ ತಿರುಗುವ ಕೆಲಸ, ಇನ್ನೂ ಕಾಯಂ ಆಗಿಲ್ಲ. ಆಮೇಲೆ ನಾನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಬೆಳ್ಳಿಚುಕ್ಕೆ ಮೀನಿನ ಫೋಟೊವನ್ನು ಅವಳು ‘ನಮ್ಮ ಮೀನು’ ಎಂದು ಮೇಲಿನವರಿಗೆ ಕಳಿಸಿದಳು. ಮೋಸವಲ್ಲ, ಅವಳಿಗೆ ಮೀನೆಂದರೆ ಮೀನು. ಮೇಲಿನವರಿಗೂ ಅಷ್ಟೇ. ಮೆಟ್ರಿ ಊರಿನ ಹೊಂಡಕ್ಕೂ ಹೀಗೇ ಬಿಡಬೇಕು, ನೀವೇ ಬಂದು ತೋರಿಸಿ ಎಂದು ಕರೆ ಬಂತು. ಆ ಹೊಂಡದಲ್ಲೂ ಬೆಳ್ಳಿಚುಕ್ಕೆ ಮೀನುಗಳಿವೆ. ಅತ್ತೆ ಒಯ್ಯುವ ಮೀನು ಸೊಳ್ಳೆಮರಿ ತಿಂದು ಸುಮ್ಮನಾಗುವ ಜಾತಿಯಲ್ಲ. ಬೇರೆ ಮೀನಿನ ಮೊಟ್ಟೆ, ಮರಿಗಳನ್ನೂ ಮುಕ್ಕುತ್ತದೆ.

ತಡೆಯಲೇಬೇಕೆಂದು ಅವಳ ಜೊತೆ ಬಸ್ ಹತ್ತಿದೆ. ಬಕೆಟ್ ಅವಳ ಕಾಲ ನಡುವೆ, ಮೇಲೆ ಒದ್ದೆ ಬಟ್ಟೆ.

“ಅತ್ತಿ, ಈ ಫೋಟೊ ನೋಡು. ನೆತ್ತಿ ಮ್ಯಾಲ ಚುಕ್ಕಿ ಐತಿ. ನಿನ್ನ ಬಕೆಟ್‌ನ್ಯಾಗಿನವಕ್ಕ ಐತೇನು?”

“ನಿನಗ ಚುಕ್ಕಿ ಕಾಣಸ್ತಾವು. ನನಗ ಸೊಳ್ಳಿ ಕಾಣಸ್ತಾವು. ಮೆಟ್ರ್ಯಾಗ ಜ್ವರ ಯಾಕ ಬಂದಾವು, ಹೇಳಲೇ ವಕೀಲಾ.”

“ಸೊಳ್ಳಿ ಹುಟ್ಟೋದು ಮನಿ ಮುಂದಿನ ಡ್ರಮ್ಮಿನ್ಯಾಗ. ಹೊಂಡದಾಗಲ್ಲ.”

“ಅದನ್ನ ನಾ ಮನಿಮನಿಗೆ ಹೋಗಿ ಹೇಳೇನಿ. ಡ್ರಮ್ ಬೋರಲ ಹಾಕ್ರಿ ಅಂದ್ರ, ನೀರು ನಿಮ್ಮಪ್ಪ ತಂದು ಕೊಡ್ತಾನೇನು ಅಂತಾರ. ಮೀನಿಗೆ ಯಾರೂ ಬೈಯಂಗಿಲ್ಲ.”

ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ ಬಕೆಟ್ ನೋಡಿದರು. “ಏನವ್ವಾ, ಸಾರಿಗೇನು?”

“ಹಲ್ಲಿನ ಸಂದಿಗೂ ಸಾಲಂಗಿಲ್ಲ ಬಿಡ್ರಿ ಯಜ್ಜಾ,” ಎಂದು ನಕ್ಕ ಅತ್ತೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಇಷ್ಟು ವರ್ಷಕ್ಕ ಈಗ ನನ್ನ ಹೆಸರು ಮ್ಯಾಲಿನವರ ಬಾಯಾಗ ಬಂದೈತಿ. ಕಾಯಂ ಆದ್ರೂ ಆಗಬಹುದು. ನಡುವ ನೀ ಬಾಯಿ ಹಾಕಬ್ಯಾಡ.”

ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಸಿಕ್ಕು ಬಸ್ ನಿಂತಿತು. ಬಿಸಿಲು ಕಿಟಕಿಯಿಂದ ನೇರ ಬಕೆಟ್ ಮೇಲೆ. ಅತ್ತೆ ಬಟ್ಟೆ ಸರಿಸಿದಳು. ನಾಲ್ಕಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವಳು ಕಿಟಕಿಯಾಚೆ ನೋಡುತ್ತಲೇ ಎರಡು ಬೆರಳಲ್ಲಿ ಸತ್ತವನ್ನು ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು, ಬಾಟಲಿ ನೀರು ಸುರಿದಳು, ಬಟ್ಟೆ ಮುಚ್ಚಿದಳು. ಕೈ ಎಲ್ಲೂ ತಡವರಿಸಲಿಲ್ಲ. ಈ ಕೆಲಸವನ್ನು ಮೊದಲೂ ಮಾಡಿದ್ದ ಕೈ.

ಅವಳು ಬಾವಿಗೆ ಬಿಟ್ಟ ಮೀನು ಒಂದೇ ಒಂದೂ ಈವರೆಗೆ ನನ್ನ ಕ್ಯಾಮೆರಾಕ್ಕೆ ಸಿಕ್ಕಿಲ್ಲ. ತಳದಲ್ಲೆಲ್ಲೋ ಅಡಗಿವೆ, ನನಗೇ ತಾಳ್ಮೆ ಸಾಲದು ಎಂದುಕೊಂಡಿದ್ದೆ.

“ಮೆಟ್ರಿ, ಮೆಟ್ರಿ! ಇಳಿಯೋರು ಬರ್ರಿ, ಜಲ್ದಿ!” ಕಂಡಕ್ಟರ್ ಕೂಗಿದ. ಅತ್ತೆ ಬಕೆಟ್ ಎತ್ತಿದಳು. ನಾನು ಹಿಡಿಕೆಯ ಇನ್ನೊಂದು ಬದಿ ಹಿಡಿದೆ. ಅವಳು ಎಳೆದಳು, ನಾನು ಬಿಡಲಿಲ್ಲ.

“ಅತ್ತಿ, ಖರೆ ಹೇಳು. ಅವತ್ತು ಬಾವ್ಯಾಗ ಸುರುವಿದ್ಯಲ್ಲ, ಬಕೆಟ್‌ನ್ಯಾಗ ಒಂದಾದ್ರೂ ಜೀವಂತ ಇತ್ತೇನು?”