ಒಣಗದ ಬೆವರು

ನಾಜಿಶ್ ಹುಟ್ಟಿದ್ದು ಶಿವಾಜಿನಗರದಲ್ಲಿ, ಮದುವೆಯಾಗಿ ಬಂದದ್ದೂ ಶಿವಾಜಿನಗರಕ್ಕೇ, ತವರುಮನೆಯಿಂದ ನಾಲ್ಕು ಗಲ್ಲಿ ಆಚೆ. ಗಂಡ ಅಫ್ಜಲ್‌ನದು ಸ್ಕೂಟರ್ ಬಿಡಿಭಾಗಗಳ ಅಂಗಡಿ. ಮಗಳು ಮಹೀನ್ ಹುಟ್ಟಿದ ಮೇಲೆ ನಾಜಿಶಳ ಸೊಂಟ ಹಿಡಿದುಕೊಂಡಿತು. ಬಿಂದಿಗೆ ಎತ್ತಿದರೂ ನೋವು, ಮಗು ಎತ್ತಿದರೂ ನೋವು. ಮಹೀನ್ ಶಾಲೆಗೆ ಹೋಗತೊಡಗಿ ವರ್ಷಗಳಾದರೂ ಅದು ಬಿಡಲಿಲ್ಲ. ಮಾತ್ರೆ ನುಂಗಿ ನುಂಗಿ ಸಾಕಾಗಿದ್ದಾಗ ಡಾಕ್ಟರೊಬ್ಬರು, "ಮೈಗೆ ಸ್ವಲ್ಪ ವ್ಯಾಯಾಮ ಬೇಕಮ್ಮ" ಎಂದರು. ಮನೆಗೆಲಸ ಮಾಡಿ ಮಾಡಿಯೇ ಸೊಂಟ ಹೋಗಿದ್ದು ಎಂದು ಅವಳು ಅವರಿಗೆ ಹೇಳಲಿಲ್ಲ. ಕಾಕ್ಸ್ ಟೌನಿನಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಹೆಂಗಸರಿಗಾಗಿಯೇ ಒಂದು ಜಿಮ್ ತೆರೆದಿತ್ತು. ಅಲ್ಲಿಗೆ ಸೇರಿಕೊಂಡಳು.

ಅತ್ತೆ ಇಮಾಮ್ ಬೀಗೆ ಅದು ಸುತರಾಂ ಇಷ್ಟವಿರಲಿಲ್ಲ. "ಬೆವರು ಸುರಿಸೋಕೆ ದುಡ್ಡು ಕೊಡ್ತಾರಾ ದುಲ್ಹನ್? ಈ ಮನೇಲಿ ಬೆವರೋಕೆ ಜಾಗ ಇಲ್ವಾ?" ಎಂದು ಸೊಸೆಯನ್ನು ಹಂಗಿಸುತ್ತಿದ್ದಳು. ಆದರೆ ವರ್ಷ ಕಳೆಯುವುದರೊಳಗೆ ನಾಜಿಶಳ ನೋವು ಮಾಯವಾಯಿತು, ನಡಿಗೆಯೇ ಬದಲಾಯಿತು. ಜಿಮ್ಮಿನ ಒಡತಿ ಪ್ರಿಯದರ್ಶಿನಿಯ ಕಣ್ಣು ಅವಳ ಮೇಲೆ ಬಿತ್ತು. "ನೀನ್ಯಾಕೆ ಟ್ರೈನರ್ ಆಗ್ಬಾರ್ದು? ಫ್ರೇಜರ್ ಟೌನ್ ಕಡೆಯವ್ರು ನಿನ್ನ ನೋಡಿ ಧೈರ್ಯವಾಗಿ ಬರ್ತಾರೆ" ಎಂದಳು. ನಿಜಕ್ಕೂ ಬಂದರು. ಬುರ್ಖಾ ತೆಗೆದು ಮೊಳೆಗೆ ನೇತುಹಾಕಿ, ನಾಜಿಶಳ ಜೊತೆ ನಗುತ್ತಾ ಕುಣಿಯುತ್ತಾ ಮೈ ಬಗ್ಗಿಸುವವರ ಗುಂಪೇ ಬೆಳೆಯಿತು.

ಪಾಠ ಮುಗಿದಾಗಲೆಲ್ಲ ನಾಜಿಶ್ ಒಂದು ಮಾತು ಹೇಳಿಯೇ ಹೇಳುತ್ತಿದ್ದಳು. "ಬೆವರು ಮೈ ಮೇಲೇ ಒಣಗೋಕೆ ಬಿಡ್ಬೇಡ್ರಿ. ಮನೆಗೆ ಹೋದ ತಕ್ಷಣ ಸ್ನಾನ ಮಾಡಿ, ತೊಡೆಸಂದಿ, ಕಂಕುಳು ಚೆನ್ನಾಗಿ ಒರೆಸ್ಕೊಳ್ಳಿ. ಇನ್ನೊಬ್ರ ಟವಲ್ ಮುಟ್ಬೇಡಿ. ಮುಖಕ್ಕೆ ಮೇಕಪ್ ಮೆತ್ಕೊಂಡು ಬರ್ಬೇಡಿ." ಹೆಂಗಸರು ತಲೆಯಾಡಿಸಿ ಮನೆಗೆ ಹೋಗಿ ಹಾಗೆಯೇ ಮಾಡುತ್ತಿದ್ದರು. ಅವರಿಗೆ ಹೋಗಲು ಮನೆ ಹತ್ತಿರವಿತ್ತು, ಮನೆಯಲ್ಲಿ ಬಿಸಿನೀರಿತ್ತು.

ನಾಜಿಶಳಿಗೆ ಮಾತ್ರ ಬೆಳಗಿನ ಬ್ಯಾಚು ಮುಗಿಯುವುದರೊಳಗೆ ಇನ್ನೊಂದು ಬ್ಯಾಚು. ಪ್ರಿಯದರ್ಶಿನಿ ಕೊಟ್ಟಿದ್ದ ಯೂನಿಫಾರಂ ಕಪ್ಪು ಬಣ್ಣದ, ಮೈಗಂಟುವ ನೈಲಾನ್ ಟೀ ಶರ್ಟು ಮತ್ತು ಪ್ಯಾಂಟು. ಮೊದಲ ಬ್ಯಾಚಿನಲ್ಲಿ ತೊಯ್ದದ್ದು ಮಧ್ಯಾಹ್ನದವರೆಗೂ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಇನ್ನೊಂದು ಜೊತೆ ಕೇಳಿದಾಗ "ನೋಡೋಣ" ಎಂಬ ಉತ್ತರ ಬಂತು. ಸ್ನಾನದ ಮನೆಗೆ ಬೀಗ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಬೇಕಾಗಿದ್ದರಿಂದ ಅದು ಮೆಂಬರುಗಳಿಗೆ ಮಾತ್ರ, ಕೆಲಸದವರಿಗಲ್ಲ ಎಂದು ಪ್ರಿಯದರ್ಶಿನಿ ಕಡ್ಡಿ ಮುರಿದಂತೆ ಹೇಳಿದ್ದಳು.

"ಮೇಡಂ, ಒಂದು ಬಕೆಟ್ ಸಾಕು. ಮೈ ಒರೆಸ್ಕೊಂಡು ಬಟ್ಟೆ ಬದಲಾಯಿಸ್ಕೊತೀನಿ."

"ಇವತ್ತು ನಿಂಗೆ ಕೊಟ್ರೆ ನಾಳೆ ಕಸ ಗುಡಿಸೋಳೂ ಕೇಳ್ತಾಳೆ. ಟಿಶ್ಯೂನಲ್ಲಿ ಒರೆಸ್ಕೊ ನಾಜಿಶ್, ಏನೂ ಆಗಲ್ಲ."

ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯ ಮೇಲೆಯೇ ಬುರ್ಖಾ ತೊಟ್ಟು, ಜನ ತುಂಬಿದ ಬಸ್ಸಿನಲ್ಲಿ ನಿಂತು ಮನೆಗೆ ಬರುತ್ತಿದ್ದಳು. ಬಂದವಳಿಗೆ ಒಲೆ ಕಾಯುತ್ತಿತ್ತು. ಸ್ನಾನ ಎಲ್ಲಕ್ಕಿಂತ ಕೊನೆಗೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಸೊಂಟದ ಪಟ್ಟಿಯ ಕೆಳಗೆ ನವೆ ಹತ್ತಿತು. ಕೆಂಪಗೆ ದುಂಡನೆಯ ಗುರುತು, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಬೆವರುಸಾಲೆ ಇರಬೇಕೆಂದು ಪೌಡರ್ ಹಾಕಿದಳು. ಗುರುತು ಬಿಲ್ಲೆಯಷ್ಟಿದ್ದದ್ದು ಅಂಗೈಯಗಲವಾಯಿತು. ಪಾಠ ಹೇಳುತ್ತಲೇ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಅದನ್ನು ಪ್ರಿಯದರ್ಶಿನಿ ಗಮನಿಸಿ ಒಳಗೆ ಕರೆದು, ತನ್ನ ಬ್ಯಾಗಿನಿಂದ ಒಂದು ಟ್ಯೂಬು ತೆಗೆದು ಕೊಟ್ಟಳು.

"ಇದು ಹಚ್ಚು. ನಂಗೂ ತೊಡೆಸಂದೀಲಿ ಆಗಿತ್ತು, ಎರಡೇ ದಿನಕ್ಕೆ ಹೋಯ್ತು. ಡಾಕ್ಟರ್ ಗೀಕ್ಟರ್ ಅಂತ ರಜ ಹಾಕ್ಬೇಡ."

ಹೇಳಿದಂತೆಯೇ ಆಯಿತು. ಉರಿ ಇಳಿಯಿತು, ಕೆಂಪು ಮಾಸಿತು. ಎಷ್ಟೋ ದಿನಗಳ ನಂತರ ನಾಜಿಶ್ ಕಣ್ತುಂಬ ನಿದ್ದೆ ಮಾಡಿದಳು. ಮೇಡಂ ಬಾಯಿ ಜೋರಾದರೂ ಮನಸ್ಸು ಒಳ್ಳೆಯದು ಎಂದು ಗಂಡನ ಮುಂದೆ ಹೊಗಳಿದಳು. ಹಚ್ಚುವುದು ನಿಲ್ಲಿಸಿದ್ದೇ ತಡ, ನವೆ ದುಪ್ಪಟ್ಟಾಗಿ ಮರಳಿತು. ಮತ್ತೆ ಹಚ್ಚಿದಳು. ಟ್ಯೂಬು ಖಾಲಿಯಾದಾಗ ಅಫ್ಜಲ್ ಮೆಡಿಕಲ್ ಶಾಪಿನಿಂದ ಅದೇ ಹೆಸರಿನದನ್ನು ತಂದುಕೊಟ್ಟ. ಅಂಗಡಿಯವನು ಚೀಟಿ ಕೇಳಲಿಲ್ಲ, ಯಾರಿಗೆ ಏನಾಗಿದೆ ಎಂದೂ ಕೇಳಲಿಲ್ಲ. ಹಬ್ಬ ಬಂದು ಹೋಗುವಷ್ಟರಲ್ಲಿ ಉಂಗುರದಂಥ ಕೆಂಪು ಗುರುತುಗಳು ಹೊಟ್ಟೆ ದಾಟಿ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಇಳಿದಿದ್ದವು.

ಪಾಠದಲ್ಲಿ ಹೆಂಗಸರ ಭುಜ ಹಿಡಿದು ತಿದ್ದುವುದು, ಮೊಣಕಾಲು ಸರಿಪಡಿಸುವುದು, ಅವರದೇ ಚಾಪೆಯ ಮೇಲೆ ಮಲಗಿ ಮಾಡಿ ತೋರಿಸುವುದು ಅವಳ ಕೆಲಸವೇ ಆಗಿತ್ತು. ಒಂದು ಬೆಳಗ್ಗೆ ಬೆನ್ಸನ್ ಟೌನಿನಿಂದ ಬರುತ್ತಿದ್ದ ನಾಗರತ್ನಾ ಎಂಬ ಬ್ಯಾಂಕಿನ ಅಧಿಕಾರಿ, ನಾಜಿಶ್ ಕೈ ಮೇಲೆತ್ತಿದಾಗ ಸರಿದ ಟೀ ಶರ್ಟಿನ ತೋಳಿನ ಕೆಳಗಿನ ಉಂಗುರ ಕಂಡು ಹಿಂದೆ ಸರಿದಳು. "ಏನಮ್ಮ ಅದು?" ಎಂದಷ್ಟೇ ಕೇಳಿ ತನ್ನ ನೀರಿನ ಬಾಟಲಿ ಎತ್ತಿಕೊಂಡು ಹೊರಟುಹೋದಳು. ಸಂಜೆಯ ಹೊತ್ತಿಗೆ ಜಿಮ್ಮಿನ ವಾಟ್ಸಾಪ್ ಗುಂಪಿನಲ್ಲಿ ನಾಗರತ್ನಾಳ ಸಂದೇಶವಿತ್ತು: ಚರ್ಮರೋಗ ಇರುವವರಿಂದ ಪಾಠ ಹೇಳಿಸುವುದು ಎಷ್ಟು ಸರಿ? ಅದರ ಕೆಳಗೆ ಇನ್ನೂ ಮೂವರು ತಮಗೂ ನವೆ ಶುರುವಾಗಿದೆ ಎಂದು ಬರೆದರು. ಎಲ್ಲರೂ ಬೆವರಿ ಮಲಗುವ ಆ ಚಾಪೆಗಳನ್ನು ಯಾರಾದರೂ ತೊಳೆದಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ.

ಮರುದಿನ ಪ್ರಿಯದರ್ಶಿನಿ ಕುರ್ಚಿಯಿಂದ ಏಳದೆಯೇ ಮಾತಾಡಿದಳು.

"ನೀನು ಸ್ವಲ್ಪ ದಿನ ಬರ್ಬೇಡ."

"ಸ್ವಲ್ಪ ದಿನ ಅಂದ್ರೆ?"

"ನಾನೇ ಫೋನ್ ಮಾಡ್ತೀನಿ. ಮೆಂಬರ್ಸ್ ಬಿಟ್ಟು ಹೋದ್ರೆ ಬಾಡಿಗೆ ಯಾರು ಕಟ್ತಾರೆ?"

"ಮೇಡಂ, ನಿಮಗೂ ಇತ್ತಲ್ಲ. ಟ್ಯೂಬ್ ಕೊಟ್ಟಿದ್ದೇ ನೀವು. ಸ್ನಾನಕ್ಕೆ ನೀರು ಕೇಳಿದ್ದೆ, ಅದೂ ಕೊಡ್ಲಿಲ್ಲ."

ಪ್ರಿಯದರ್ಶಿನಿ ಮುಖ ಗಂಟಿಕ್ಕಿದಳು. "ನನಗಿದ್ರೆ ಏನು? ನಾನು ಯಾರನ್ನೂ ಮುಟ್ಟೋದಿಲ್ಲ ನಾಜಿಶ್."

ನಾಜಿಶ್ ಬ್ಯಾಗನ್ನು ಹೆಗಲಿಗೇರಿಸಿದಳು. ಯೂನಿಫಾರಂ ಒಗೆದು ತಂದುಕೊಡುತ್ತೇನೆ ಎಂದಳು. ಬೇಡ, ಇಟ್ಟುಕೋ ಎಂದಳು ಪ್ರಿಯದರ್ಶಿನಿ. ಅದು ಔದಾರ್ಯವಲ್ಲ ಎಂಬುದು ಮೆಟ್ಟಿಲು ಇಳಿಯುವಾಗ ಅರ್ಥವಾಯಿತು. ಕೆಳಗೆ ಬೇಕರಿಯ ಮುಂದೆ ಇಬ್ಬರು ಮೆಂಬರುಗಳು ಬನ್ನು ಕೊಳ್ಳುತ್ತಿದ್ದರು. ಅವಳನ್ನು ಕಂಡು ಮೊಬೈಲಿನ ಕಡೆಗೆ ಕತ್ತು ಬಗ್ಗಿಸಿದರು.

ಅಷ್ಟರಲ್ಲಿ ಮನೆಯವರಿಗೂ ಅಂಟಿಕೊಂಡಿತ್ತು. ಅಫ್ಜಲ್‌ಗೆ ಸೊಂಟದಲ್ಲಿ, ಮಹೀನ್‌ಗೆ ಕುತ್ತಿಗೆಯ ಮೇಲೆ. ಮೂವರೂ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದ ಸಾಲಿನಲ್ಲಿ ನಿಂತರು. ಡಾಕ್ಟರಮ್ಮ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಮೇಲೆ ಹಾಕಿದರು.

"ಇದು ಹುಳುಕಡ್ಡಿ. ಈ ಮುಲಾಮಲ್ಲಿ ಸ್ಟೆರಾಯ್ಡ್ ಇದೆ. ನವೆ ನಿಲ್ಲಿಸತ್ತೆ, ಒಳಗೆ ಹುಳುಕಡ್ಡಿ ಹಬ್ಬುತ್ತಾ ಹೋಗತ್ತೆ. ಯಾರು ಹೇಳಿದ್ದು ಹಚ್ಚೋಕೆ?"

ನಾಜಿಶ್ ಬಾಯಿ ತೆರೆಯುವ ಮೊದಲೇ ಅಫ್ಜಲ್, "ನಾವೇ ತಗೊಂಡ್ವಿ ಮೇಡಂ" ಎಂದ. ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು, ಬೇರೆ ಮುಲಾಮು ಹಚ್ಚಬೇಕು, ಒಬ್ಬೊಬ್ಬರ ಟವಲ್ ಬೇರೆ ಇರಬೇಕು, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು ಎಂದು ಡಾಕ್ಟರಮ್ಮ ಹೇಳಿದರು. ನಾಜಿಶಳ ಮನೆಯಿದ್ದ ಗಲ್ಲಿಯಲ್ಲಿ ಬಿಸಿಲು ಬೀಳುತ್ತಿದ್ದದ್ದು ಎದುರು ಮನೆಯ ಗೋಡೆಯ ಮೇಲೆ. ಮಾಲೀಕನ ಕಾಲು ಹಿಡಿದು ಮೇಲಿನ ತಾರಸಿಯಲ್ಲಿ ಒಂದು ಹಗ್ಗ ಕಟ್ಟಲು ಅಪ್ಪಣೆ ಪಡೆದರು. ಇಮಾಮ್ ಬೀ ಬಟ್ಟೆ ಕುದಿಸುತ್ತಾ ಬೈದಳು, ಬೈಯುತ್ತಾ ಕುದಿಸಿದಳು. ಮೊಮ್ಮಗಳ ಕುತ್ತಿಗೆಗೆ ಮುಲಾಮು ಹಚ್ಚುವಾಗ ಮಾತ್ರ ಸುಮ್ಮನಾಗುತ್ತಿದ್ದಳು.

ಮಹೀನ್‌ಗೆ ಓಟವೆಂದರೆ ಪ್ರಾಣ. ಶಾಲೆಯ ರಿಲೇ ತಂಡದಲ್ಲಿ ಅವಳದು ಕೊನೆಯ ಸುತ್ತು. ಕುತ್ತಿಗೆಯ ಉಂಗುರ ಕಂಡ ಹುಡುಗಿಯರು ಅವಳು ಹಿಡಿದ ಕೋಲು ಮುಟ್ಟಲು ಹಿಂಜರಿದರು. ಪಿ.ಟಿ. ಟೀಚರು, ಈ ಸಲ ಬೇಡಮ್ಮ ಎಂದು ಮೃದುವಾಗಿಯೇ ಹೇಳಿದರಂತೆ. ಹುಡುಗಿ ಮನೆಗೆ ಬಂದು ಅಳಲಿಲ್ಲ. ಓಡುವ ಬೂಟುಗಳನ್ನು ಮಂಚದ ಕೆಳಗೆ ತಳ್ಳಿದಳು.

ರೋಗ ಕೊನೆಗೂ ಹೋಯಿತು, ಆದರೆ ಆರು ತಿಂಗಳು ಹಿಡಿಯಿತು. ಅಫ್ಜಲ್ ಮತ್ತು ಮಹೀನ್ ಇಬ್ಬರ ಚರ್ಮವೂ ತಿಳಿಯಾಯಿತು. ನಾಜಿಶಳ ಹೊಟ್ಟೆ, ತೋಳು ಮತ್ತು ಕಂಕುಳಿನ ಬಳಿ ಆ ಟ್ಯೂಬು ಬಿಟ್ಟುಹೋದ ಬಿಳಿ ಗೆರೆಗಳು ಉಳಿದವು. ಚರ್ಮ ಹರಿದು ಕೂಡಿಕೊಂಡಂಥ ಗೆರೆಗಳು. ಅವು ಹೋಗುವುದಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಿಯದರ್ಶಿನಿಯ ಫೋನು ಬರಲಿಲ್ಲ. ನಾಜಿಶಳೇ ಒಮ್ಮೆ ಮಾಡಿದಾಗ, ಈಗ ಬೇರೆ ಹುಡುಗಿ ಇದ್ದಾಳೆ ಎಂಬ ಉತ್ತರ ಸಿಕ್ಕಿತು.

ಮುಂದಿನ ವರ್ಷ ಕಲ್ಯಾಣ ನಗರದ ಅಪಾರ್ಟ್‌ಮೆಂಟೊಂದರಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಸಿಕ್ಕಿತು. ಸ್ನಾನಕ್ಕೆ ನೀರಿದೆಯೇ ಎಂದು ಮೊದಲೇ ಕೇಳಿ, ಇದೆ ಎಂದ ಮೇಲೆ ಒಪ್ಪಿಕೊಂಡಳು. ಮುಂಗೈವರೆಗೆ ತೋಳಿರುವ ಹತ್ತಿಯ ಅಂಗಿ ಹೊಲಿಸಿಕೊಂಡಳು. ಹೆಂಗಸರು ಅವಳನ್ನು ಮೆಚ್ಚಿದರು, ಹಬ್ಬಕ್ಕೆ ಸಿಹಿ ಕೊಟ್ಟರು. ಯಾರಾದರೂ ತನ್ನ ತೋಳಿನ ಕಡೆ ಎರಡು ಸಲ ನೋಡಿದರೆ ಮಾತ್ರ ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಶಾಲೆಯಲ್ಲಿ ಮತ್ತೆ ಓಟಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದಾರೆಂದು ತಿಳಿದಾಗ ನಾಜಿಶ್ ಮಗಳನ್ನು ಪಕ್ಕ ಕೂರಿಸಿಕೊಂಡಳು.

"ಎಲ್ಲ ವಾಸಿಯಾಗಿದೆಯಲ್ಲ ಬೇಟಾ. ಓಡಿ ಬಂದ ಮೇಲೆ ನಾನೇ ನಿಂತು ಸ್ನಾನ ಮಾಡಿಸ್ತೀನಿ."

"ಬೇಡ ಅಮ್ಮಿ. ಬೆವರು ಬರತ್ತೆ."

"ಬೆವರು ಬಂದ್ರೆ ಏನಾಯ್ತು? ಬೆವರು ಒಳ್ಳೇದು."

"ನಿಮಗೆ ಒಳ್ಳೇದಾಯ್ತಾ?"

ಒಳಗಿನಿಂದ ಇಮಾಮ್ ಬೀ, "ಅವಳು ಸರಿಯಾಗೇ ಹೇಳ್ತಿದ್ದಾಳೆ ಬಿಡು ದುಲ್ಹನ್" ಎಂದಳು. ಮಹೀನ್ ಫ್ಯಾನಿನ ಕೆಳಗೆ ಹೋಗಿ ಪುಸ್ತಕ ಬಿಡಿಸಿ ಕೂತಳು. ನಾಜಿಶ್ ಮೇಲೆದ್ದಳು. ಸಂಜೆಯ ಪಾಠಕ್ಕೆ ಹೊತ್ತಾಗಿತ್ತು, ಬ್ಯಾಗಿಗೆ ಒಣ ಬಟ್ಟೆ ತುಂಬಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.